ಕೀಟವಲ್ಲದ ಉಣುಗು

ಮಂಗನ ಕಾಯಿಲೆಯ ಸುದ್ದಿಗಳಲ್ಲಿ ಉಣುಗನ್ನು ‘ಕೀಟ’ ಎಂದು ಬರೆದದ್ದು ಆಗಾಗ ಕಾಣುತ್ತದೆ. ಪ್ರಾಣಿಶಾಸ್ತ್ರದ ಪ್ರಕಾರ ಅದು ಕೀಟವಲ್ಲ. ಜೇಡ, ಚೇಳುಗಳ ಬಳಗದ್ದು. ಉಣುಗು, ನುಸಿಗಳನ್ನು ಸೇರಿಸಿ ‘ಅಕಾರಿ’ ಎನ್ನುತ್ತಾರೆ. ಎಳೆ ತೆಂಗಿನಕಾಯಿಯ ತೊಟ್ಟಿನಡಿ ಕೂತು ರಸ ಹೀರುವ ನುಸಿಯೂ ಇದೇ ಗುಂಪು.

ದನದ ಕಿವಿಯಲ್ಲಿ, ಕೆಚ್ಚಲ ಸಂದಿಯಲ್ಲಿ ರಕ್ತ ಕುಡಿದು ಹರಳುಬೀಜದ ಹಾಗೆ ಉಬ್ಬಿದ ಉಣುಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಮನುಷ್ಯರಿಗೆ ಹೆಚ್ಚಿನ ಅಪಾಯ ಅದರಿಂದಲ್ಲ, ಮರಿಯಿಂದ. ಮೊಟ್ಟೆಯೊಡೆದು ಬಂದಾಗ ಅದಕ್ಕೆ ಆರೇ ಕಾಲು. ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟು. ‘ನಿಂಫ್’ ಎನ್ನುವ ಈ ಹಂತದ ಉಣುಗೇ ಮಲೆನಾಡಿನಲ್ಲಿ ದರಗು, ಸೌದೆ ತರಲು ಕಾಡಿಗೆ ಹೋದವರನ್ನು ಹೆಚ್ಚಾಗಿ ಕಚ್ಚುವುದು. ಎಷ್ಟು ಚಿಕ್ಕದೆಂದರೆ, ಮೊಣಕಾಲ ಹಿಂದೆ ಕಚ್ಚಿ ಕೂತಿದ್ದರೂ ಮಣ್ಣಿನ ಚುಕ್ಕೆ ಅನ್ನಿಸಿಬಿಡುತ್ತದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ ಸುತ್ತ ಹರಡುತ್ತವೆ. ಸತ್ತ ಮಂಗ ಕಂಡರೆ ದಯವಿಟ್ಟು ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಲೇಬೇಕಾದವರು ಕೈಕಾಲಿಗೆ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಆಮೇಲೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಮಾತ್ರೆ ನುಂಗಿ ಮಲಗಬೇಡಿ; ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.