ನೇರವಾಗಿ ಕೇಳಿದ ಮಾತು

ಸೋಮವಾರ, ರಾತ್ರಿ ಒಂಬತ್ತೂವರೆ. ತಾಲೂಕು ಕೇಂದ್ರದ ಬಸ್ ಡಿಪೋಕ್ಕೆ ಕೊನೆಯ ಟ್ರಿಪ್ ಮುಗಿಸಿದ ಗಾಡಿಗಳು ಒಂದೊಂದಾಗಿ ಬರುತ್ತಿವೆ. ಕ್ಯಾಷ್ ಕೌಂಟರಿನ ಮುಂದೆ ಕಂಡಕ್ಟರುಗಳು ಕಲೆಕ್ಷನ್ ಕಟ್ಟಲು, ಟಿಕೆಟ್ ಮೆಷಿನ್ ಒಪ್ಪಿಸಲು ಸಾಲುಗಟ್ಟಿದ್ದಾರೆ. ನೀವು ಸಿಬ್ಬಂದಿಯ ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ನಿಂತಿದ್ದೀರಿ. ಒಳಗೆ ಡೀಸೆಲ್ಲಿನ, ಒದ್ದೆ ಟವೆಲಿನ ವಾಸನೆ. ಗೋಡೆಯ ಮೇಲೆ ನಾಳೆಯ ಡ್ಯೂಟಿ ಚಾರ್ಟ್, ಪಕ್ಕದಲ್ಲಿ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ: 14416.

ಮೂಲೆಯ ಮಂಚದ ಮೇಲೆ ಡ್ರೈವರ್ ಕೂತಿದ್ದಾನೆ. ಊಟದ ಡಬ್ಬಿ ತೊಡೆಯ ಮೇಲಿದೆ, ಮುಚ್ಚಳ ತೆಗೆದಿಲ್ಲ. ಎದುರಿಗೆ ಅವನ ಕಂಡಕ್ಟರ್, ವಯಸ್ಸಿನಲ್ಲಿ ಹಿರಿಯರು. ಹುಡುಗ ಕೆಲವು ದಿನಗಳಿಂದ ಟೀಗೆ ಇಳಿಯುತ್ತಿಲ್ಲ. ಇವತ್ತು ಸೀಟಿ ಹೊಡೆದರೂ ಎರಡು ಸಲ ಸ್ಟಾಪಿನಲ್ಲಿ ಗಾಡಿ ನಿಲ್ಲಿಸಲಿಲ್ಲ. ಸಂಜೆ ಇದ್ದಕ್ಕಿದ್ದಂತೆ, "ಸಾಲದ ಕಾಗದ ಎಲ್ಲಾ ಮನೆಯವಳ ಕೈಗೆ ಕೊಟ್ಟೆ ಅಣ್ಣ. ಇನ್ನು ನನ್ನಿಂದ ಯಾರಿಗೂ ತೊಂದರೆ ಇರಲ್ಲ" ಅಂದ. ಆ ಮಾತು ಕಂಡಕ್ಟರನ್ನು ಇಲ್ಲೇ ಕೂರಿಸಿದೆ.

ಹಿಂದಿನ ತಿಂಗಳು ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತೆ ತರಬೇತಿ ಕೊಡಲು ಇದೇ ಕೋಣೆಗೆ ಬಂದಿದ್ದರು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ, ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ದಿನಗೂಲಿಯವರು ಎಂದು ಹೇಳಿ, ಅಂಕಿಯನ್ನು ಅಲ್ಲಿಗೇ ಬಿಟ್ಟು, ಒಬ್ಬೊಬ್ಬರಿಂದಲೂ ಒಂದು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಿಸಿದರು. ಎಲ್ಲರೂ "ಬೇಜಾರಾ?", "ಏನಾದ್ರೂ ತೊಂದ್ರೆನಾ?" ಎಂದು ಜಾರಿಕೊಳ್ಳುತ್ತಿದ್ದರು. ಕೇಳಿದ್ದರಿಂದ ಸಾಯುವ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ ಎಂದು ಅವರು ಮತ್ತೆ ಮತ್ತೆ ಹೇಳಿದರು. ಇದು ಬರೀ ಸಮಾಧಾನದ ಮಾತಲ್ಲ, ಸಂಶೋಧನೆಗಳಲ್ಲಿ ಕಂಡುಬಂದ ಸಂಗತಿ. ನನ್ನ ಮಟ್ಟಿಗೆ ಆ ತರಬೇತಿಯ ತಿರುಳೇ ಇದು.

ಕಂಡಕ್ಟರ್ ಮಂಚದ ತುದಿಗೆ ಸರಿದು ಕೂರುತ್ತಾರೆ.

"ತಮ್ಮಾ, ನೇರವಾಗೇ ಕೇಳ್ತೀನಿ. ಸತ್ತೋಗಬೇಕು ಅಂತ ಮನಸ್ಸಿಗೆ ಬರ್ತಿದೆಯಾ?"

ಫ್ಯಾನ್ ಕಟಕಟ ಅನ್ನುತ್ತಿದೆ. 'ಮಕ್ಕಳ ಮುಖ ನೋಡಪ್ಪ' ಎನ್ನಲು ನಿಮ್ಮ ನಾಲಿಗೆ ಚಡಪಡಿಸುತ್ತದೆ. ಬೇಡ. ಆ ಮಾತು ಈಗಾಗಲೇ ಕುಗ್ಗಿದವನ ತಲೆಯ ಮೇಲೆ ಇನ್ನೊಂದು ಅಪರಾಧ ಹೊರಿಸುತ್ತದೆ. ಕಂಡಕ್ಟರ್ ಏನೂ ಅನ್ನದೆ ಕಾಯುತ್ತಾರೆ.

"ಬರ್ತಿದೆ ಅಣ್ಣ."

"ಹೇಳಿದ್ದು ಒಳ್ಳೇದಾಯ್ತು. ಇವತ್ತು ರಾತ್ರಿ ನಿನ್ನ ಬಿಟ್ಟು ಹೋಗಲ್ಲ."

ಫೋನ್ ತೆಗೆದು 14416 ಒತ್ತುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಹಣ ಕೊಡಬೇಕಿಲ್ಲ, ಹಗಲು ರಾತ್ರಿಯ ಭೇದವಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಉನ್ನತ ಕೇಂದ್ರ. ಆ ಕಡೆಯಿಂದ ಕನ್ನಡದಲ್ಲೇ ದನಿ: ಊಟ ಆಯಿತೇ, ಪಕ್ಕದಲ್ಲಿ ಯಾರಿದ್ದಾರೆ? ಆಮೇಲೆ ಅದೇ ಪ್ರಶ್ನೆ, ಅಷ್ಟೇ ನೇರವಾಗಿ. ಡ್ರೈವರ್ ಅಳುತ್ತ, ತಡವರಿಸುತ್ತ ಉತ್ತರ ಕೊಡುತ್ತಾನೆ. ನಡುವೆ ದನಿ ತಗ್ಗಿಸಿ ಕೇಳುತ್ತಾನೆ: "ಡಿಪೋದಲ್ಲಿ ಗೊತ್ತಾದ್ರೆ ಕೆಲಸಕ್ಕೆ ಕುತ್ತು ಬರುತ್ತಾ ಮೇಡಂ?"

ಎಷ್ಟೋ ಜನರ ಬಾಯಿ ಕಟ್ಟಿರುವುದು ಈ ಹೆದರಿಕೆಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆನ್ನುತ್ತದೆ. ಆದರೆ ಕಾಯ್ದೆ ಡ್ಯೂಟಿ ಚಾರ್ಟ್ ಬರೆಯುವುದಿಲ್ಲ. ಅದನ್ನು ಬರೆಯುವವರು ಪಕ್ಕದ ಕೋಣೆಯಲ್ಲಿರುವ ಕಂಟ್ರೋಲರ್. ರಜೆ ಕೇಳಿದವನಿಗೆ ಮೆಮೊ ಕೊಡುವ ಕಚೇರಿಯಲ್ಲಿ ಗೋಡೆಗೆ ಎಷ್ಟು ಸಹಾಯವಾಣಿ ಅಂಟಿಸಿದರೂ ವ್ಯರ್ಥ.

ಹುಡುಗನನ್ನು ಇನ್ನೊಬ್ಬ ಡ್ರೈವರ್ ಜೊತೆ ಕೂರಿಸಿ, ಅವನ ಒಪ್ಪಿಗೆ ಕೇಳಿಕೊಂಡೇ ಕಂಡಕ್ಟರ್ ಪಕ್ಕದ ಕೋಣೆಗೆ ಹೋಗುತ್ತಾರೆ. "ಸಾರ್, ನಾಳೆ ಅವನು ಸ್ಟೇರಿಂಗ್ ಹಿಡಿಯೋ ಸ್ಥಿತಿಲಿಲ್ಲ." ಅಷ್ಟೇ. ಸಾಲದ ಮಾತಿಲ್ಲ, ಅಳುವಿನ ಮಾತಿಲ್ಲ. ಕಂಟ್ರೋಲರ್ ಕನ್ನಡಕ ಹಣೆಗೇರಿಸಿ ನೋಡುತ್ತಾರೆ, ಯಾಕೆಂದು ಕೇಳುವುದಿಲ್ಲ.

ನಾಳೆ ಮಂಗಳವಾರ. ತಾಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರುವ ದಿನ. ಹುಡುಗನ ಹೆಂಡತಿಗೆ ಫೋನ್ ಹೋಗಿದೆ, ಅವರು ಭಾವನ ಬೈಕಿನಲ್ಲಿ ಹೊರಟಿದ್ದಾರೆ.

"ಐದೂಕಾಲರ ಗಾಡಿಗೆ ಬೇರೆಯವರನ್ನ ಹಾಕ್ತೀನಿ" ಎನ್ನುತ್ತ ಕಂಟ್ರೋಲರ್ ಚಾರ್ಟಿನಲ್ಲಿ ಎರಡು ಹೆಸರು ಹೊಡೆದುಹಾಕುತ್ತಾರೆ. "ನಿಮಗೂ ರಜೆ. ಆಸ್ಪತ್ರೆಗೆ ಜೊತೇಲಿ ಹೋಗಿ. ಬುಧವಾರದ್ದು ಡಾಕ್ಟರ್ ಏನು ಹೇಳ್ತಾರೋ ನೋಡಿಕೊಂಡು ಬರೆಯೋಣ."