ತಾಮ್ರದ ಸುರುಳಿ

ಹಳಗನ್ನಡ ಪಾಠ ಹೇಳುವ ಅಧ್ಯಾಪಕನಿಗೂ ಬಿಯರ್ ಮಾಡುವ ಯಂತ್ರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಹೆಂಡತಿಯ ಕಡೆಯದು. ನನ್ನ ಭಾವಮೈದುನ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಎಂಜಿನಿಯರಾಗಿದ್ದ. 2023ರಲ್ಲಿ ರಜೆ ಬಂದಾಗ ನಾವಿಬ್ಬರೂ ಅವನ ಮನೆಗೆ ಹೋಗಿ ಐದು ವಾರ ಇದ್ದೆವು. ಆ ಐದು ವಾರಗಳಲ್ಲಿ ನಾನು ಪೆಸಿಫಿಕ್ ಸಾಗರವನ್ನು ಒಂದು ಸಲ ನೋಡಿದೆ; ಅವನ ಗ್ಯಾರೇಜನ್ನು ಪ್ರತಿದಿನ ನೋಡಿದೆ. ಅಲ್ಲಿ ಕಾರು ಇರಲಿಲ್ಲ. ಕಾರು ಬೀದಿಯಲ್ಲಿ ಮಳೆಗೆ ನೆನೆಯುತ್ತಿತ್ತು. ಒಳಗೆ ಕಬ್ಬಿಣದ ಚೌಕಟ್ಟಿನ ಮೇಲೆ ಐವತ್ತು ಲೀಟರು ಹಿಡಿಯುವ ಮೂರು ಸ್ಟೀಲ್ ಹಂಡೆಗಳು ಸಾಲಾಗಿ ಕುಳಿತಿದ್ದವು.

ಮನೆಯಲ್ಲಿ ಬಿಯರ್ ಮಾಡುವುದೆಂದರೆ ಕಳ್ಳಭಟ್ಟಿಯೆಂದು ಬೆಚ್ಚಬೇಕಾಗಿಲ್ಲ. ಆ ದೇಶದಲ್ಲಿ ಪಾನನಿರೋಧ 1933ರಲ್ಲಿಯೇ ತೊಲಗಿದರೂ ಮನೆಯ ಬಿಯರಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ, ಅಧ್ಯಕ್ಷ ಕಾರ್ಟರ್ ಮಸೂದೆಗೆ ಸಹಿ ಹಾಕಿದ ಮೇಲೆ. ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 750 ಲೀಟರ್, ತಮ್ಮ ಬಳಕೆಗೆ ಮಾಡಿಕೊಳ್ಳಬಹುದು, ಮಾರಕೂಡದು. ನಮ್ಮ ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಇದೇ ಕೆಲಸಕ್ಕೆ ಇಳಿದರೆ ಅಬಕಾರಿಯವರು ವಿಳಾಸ ಹುಡುಕಿಕೊಂಡು ಬಂದಾರು. ನಾನು ಕುಡಿಯುವವನಲ್ಲ, ಕುಡಿಯುವುದಿಲ್ಲವೆಂದು ಸಾರಿಕೊಂಡು ತಿರುಗುವವನೂ ಅಲ್ಲ. ಆದ್ದರಿಂದ ಆ ಗ್ಯಾರೇಜಿನಲ್ಲಿ ಒಂದು ಮಡಿಸುವ ಕುರ್ಚಿಗೆ ನನಗೆ ಅಧಿಕಾರ ಸಿಕ್ಕಿತು.

ಇದರ ಮೂಲ ತತ್ತ್ವ ನಮ್ಮ ಹೆಂಗಸರಿಗೆ ಹೊಸದಲ್ಲ. ಮಗುವಿಗೆ ರಾಗಿ ಸರಿ ತಿನ್ನಿಸುವ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುತ್ತಾರೆ. ರಾಗಿಯ ಜಾಗದಲ್ಲಿ ಬಾರ್ಲಿ ಇಟ್ಟರೆ ಬಿಯರಿನ ಮಾಲ್ಟಾಯಿತು. ಮೊಳಕೆಯೊಡೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವ ಅದರ ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತದೆ. ಕಿಣ್ವವೆಂಬ ಮಾತು ಬಂದಾಗ ಮಾತ್ರ ನಾನು ಸುಮ್ಮನಿರಲಾರೆ. ಎಂಜೈಮ್ ಎಂಬುದಕ್ಕೆ ವಿಜ್ಞಾನದ ಪಠ್ಯಗಳಲ್ಲಿ ನಾವು ಬಳಸುವ ಈ ಗಂಭೀರ ಪದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ, ಅದೂ ಸುರಾಧ್ಯಕ್ಷನ ಪ್ರಕರಣದಲ್ಲಿ. ಅಲ್ಲಿ ಅದಕ್ಕೆ ಮದ್ಯ ಹುಳಿಸಲು ಹಾಕುವ ಹೆಪ್ಪು ಎಂದೇ ಅರ್ಥ. ಎಂಜೈಮ್ ಎಂಬ ಗ್ರೀಕ್ ಮೂಲದ ಪದದ ಅರ್ಥವೂ 'ಯೀಸ್ಟಿನೊಳಗಿನದು' ಎಂದು. 1833ರಲ್ಲಿ ಫ್ರಾನ್ಸಿನ ಪೇಯನ್ ಮತ್ತು ಪೆರ್ಸೋ ಮೊತ್ತಮೊದಲ ಕಿಣ್ವವನ್ನು ಬೇರ್ಪಡಿಸಿದ್ದೂ ಮಾಲ್ಟಿನಿಂದಲೇ. ಇದನ್ನೆಲ್ಲ ತರಗತಿಯಲ್ಲಿ ನಾನು ಹೇಳಿಲ್ಲ. ಹೇಳಿದರೆ ಹುಡುಗರಿಗೆ ಉಳಿದ ಪಾಠ ರುಚಿಸಲಾರದು.

ಈ ಕಿಣ್ವಗಳು ಮಹಾ ಮುನಿಸಿನವು. ನುಚ್ಚು ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ಇದಕ್ಕೆ ಮ್ಯಾಷ್ ಎನ್ನುತ್ತಾರೆ. 63, 64 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಯೀಸ್ಟು ತಿಂದು ಮುಗಿಸಬಲ್ಲ ಸಕ್ಕರೆ ಹೆಚ್ಚಿ ಬಿಯರ್ ತೆಳ್ಳಗಾಗುತ್ತದೆ. 69, 70ರಲ್ಲಿಟ್ಟರೆ ಯೀಸ್ಟಿಗೆ ದಕ್ಕದ ಅಂಶ ಉಳಿದು ಗಟ್ಟಿ ರುಚಿ ಬರುತ್ತದೆ. 77 ದಾಟಿದರೆ ಕಿಣ್ವದ ಆಟ ಮುಗಿಯಿತು. ಸಿಹಿನೀರನ್ನು ಬಸಿದು ಕುದಿಸಿ, ಹಾಪ್ಸ್ ಹಾಕಿ, ತಣಿಸಿ, ಯೀಸ್ಟು ಬೆರೆಸುವುದೆಲ್ಲ ಆಮೇಲಿನ ಮಾತು. ಭಾವಮೈದುನನ ಹತ್ತು ವರ್ಷದ ಸಾಹಸವೆಲ್ಲ ನಡೆದದ್ದು ಈ ಐದಾರು ಡಿಗ್ರಿಗಳ ಇಕ್ಕಟ್ಟಿನಲ್ಲಿ.

ಮೊದಲು ಅವನ ಬಳಿ ಇದ್ದದ್ದು ಪ್ರವಾಸಕ್ಕೆ ಐಸು ತುಂಬಿಕೊಂಡು ಹೋಗುವ ಪ್ಲಾಸ್ಟಿಕ್ ಪೆಟ್ಟಿಗೆ. ಅದರ ತಳದಲ್ಲಿ ನಲ್ಲಿ ಕೂಡಿಸಿ, ಮೇಲೆ ಕಂಬಳಿ ಹೊದಿಸಿ ಮ್ಯಾಷ್ ಮಾಡುತ್ತಿದ್ದ. ನಲ್ಲಿ ತಿರುಗಿಸಿದಾಗ ಮೊದಲು ಬರುವ ನೀರು ಕದಡಿರುತ್ತದೆ. ಅದನ್ನು ಜಗ್ಗಿನಲ್ಲಿ ಹಿಡಿದು ಮತ್ತೆ ಮೇಲೆ ಸುರಿಯಬೇಕು. ಹೀಗೆ ಏಳೆಂಟು ಸಲ ಸುರಿದರೆ ಬಾರ್ಲಿಯ ಹೊಟ್ಟೇ ಜರಡಿಯಾಗಿ ನೀರು ತಿಳಿಯಾಗುತ್ತದೆ. ಕಾಳಿನ ಕಸವನ್ನು ಕಾಳೇ ಸೋಸಿಕೊಳ್ಳುವ ಈ ಏರ್ಪಾಟು ನನಗೆ ಬಹಳ ಹಿಡಿಸಿತು. ಜಗ್ಗಿನ ಕೆಲಸವನ್ನು ಪಂಪಿಗೆ ವಹಿಸಿದರೇನೆಂದು ಅವನಿಗೆ ಹೊಳೆದದ್ದು ಎರಡನೆಯ ಹಂತ. ಪಂಪು ತಳದಿಂದ ಎಳೆದು ಗಂಟೆಯುದ್ದಕ್ಕೂ ಮೇಲೆ ಸುರಿಯುತ್ತಿತ್ತು. ಸುತ್ತಿ ಬರುವ ನೀರು ದಾರಿಯಲ್ಲಿ ಬಿಸಿಯೂ ಆಗಲೆಂದು ಆಮೇಲೆ ಒಂದು ಕೊಳವೆಯೊಳಗೆ ವಿದ್ಯುತ್ತಿನ ಕಾಯಿಲನ್ನು ಕೂಡಿಸಿದ. ಒಂದು ದಿನ ಹರಿವು ನಿಂತಿತು, ಕಾಯಿಲು ನಿಲ್ಲಲಿಲ್ಲ. ಇಪ್ಪತ್ತು ಲೀಟರು ತಳ ಹಿಡಿದ ಪಾಯಸದ ವಾಸನೆ ಹೊಡೆದು ಚರಂಡಿಗೆ ಹೋಯಿತು. ಅದಕ್ಕೆ ಪರಿಹಾರವೇ ತಾಮ್ರದ ಸುರುಳಿ. ಪಕ್ಕದ ಹಂಡೆಯ ಬಿಸಿನೀರಿನಲ್ಲಿ ಹದಿನೈದು ಮೀಟರು ಉದ್ದದ ತಾಮ್ರದ ಕೊಳವೆಯನ್ನು ಸುತ್ತಿ ಮುಳುಗಿಸುವುದು, ಮ್ಯಾಷಿನ ನೀರನ್ನು ಅದರೊಳಗೆ ಹರಿಸುವುದು. ಹೊರಗಿನ ನೀರು 68ರಲ್ಲಿದ್ದರೆ ಒಳಗಿನದು ಸೀಯುವ ಮಾತೇ ಇಲ್ಲ.

ನನ್ನನ್ನು ಕೇಳಿದರೆ ಜಗ್ಗಿನಿಂದ ಪಂಪಿಗೆ ಹೋದದ್ದು ನಿಜವಾದ ಸುಧಾರಣೆ. ಸುರುಳಿ ಅರ್ಧ ಸುಧಾರಣೆ, ಅರ್ಧ ಮೋಹ. ಉಷ್ಣಾಂಶವನ್ನು ಫೋನಿನಲ್ಲಿ ನೋಡುವ ಸೌಕರ್ಯವಂತೂ ಬರಿಯ ಶೋಕಿ. ಹಂಡೆ ಮೂರು ಮಾರು ದೂರದಲ್ಲೇ ಇತ್ತು.

ನಾವು ಹೋದಾಗ ಅವನು ಸುರುಳಿ ಸುತ್ತುತ್ತಿದ್ದ. ಬಗ್ಗಿಸುವಾಗ ಕೊಳವೆ ಚಪ್ಪಟೆಯಾಗಬಾರದೆಂದು ಒಳಗೆ ಪುಡಿಯುಪ್ಪು ತುಂಬಿದ್ದ. "ಎರಡು ಕಿಲೋ ಉಪ್ಪು ನೋಡಿ ಅಳಿಯಂದಿರೇ, ಮನೇಲಿ ಸಾರಿಗೆ ಇಲ್ಲ," ಎಂದು ಅತ್ತೆ ನನ್ನಲ್ಲಿ ದೂರಿದರು. ಅವರು ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. ಅವರಿಗೆ ತಿಳಿಯದ ಸಂಗತಿಯೊಂದನ್ನು ಎರಡನೆಯ ದಿನ ಭಾವಮೈದುನನ ಹೆಂಡತಿ ನಮಗೆ ಹೇಳಿದಳು. ಮೂರು ವಾರದ ಹಿಂದೆ ಅವನ ಕೆಲಸ ಹೋಗಿತ್ತು. ಆ ವರ್ಷ ಅಮೆರಿಕದ ಅನೇಕ ಕಂಪನಿಗಳು ಜನರನ್ನು ತೆಗೆದದ್ದು ಪತ್ರಿಕೆಗಳಲ್ಲಿ ಬಂದಿತ್ತಷ್ಟೆ; ಅದರಲ್ಲಿ ಇವನೂ ಒಬ್ಬ. ಹನ್ನೆರಡು ವರ್ಷದಿಂದ ಅಲ್ಲಿದ್ದರೂ ಅವನದು ಎಚ್-1ಬಿ ವೀಸಾ. ಕೆಲಸ ಹೋದವನು 60 ದಿನದೊಳಗೆ ಬೇರೊಂದು ಕೆಲಸ ಹಿಡಿಯಬೇಕು, ಇಲ್ಲವೆ ಸಂಸಾರ ಕಟ್ಟಿಕೊಂಡು ಹೊರಡಬೇಕು. ಮಗಳು ಆರನೆಯ ತರಗತಿಯಲ್ಲಿದ್ದಳು, ಮನೆಯ ಸಾಲವಿತ್ತು.

"ಇಪ್ಪತ್ತಮೂರು ದಿನ ಆಗೋಯ್ತು ಭಾವ. ಇವರು ತಾಮ್ರ ಬಗ್ಗಿಸ್ತಾ ಕೂತಿದಾರೆ. ನೀವು ಹಿರಿಯರು, ಒಂದು ಮಾತು ಹೇಳಿ," ಎಂದಳು ಅವಳು.

ಹೇಳಲೆಂದೇ ಗ್ಯಾರೇಜಿಗೆ ಹೋದೆ. ಪೀಠಿಕೆ ಹಾಕುವ ಮೊದಲೇ ಅವನು ಕೊಳವೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಭಾವ, ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದ. ತಾಮ್ರ ಹಿಡಿದುಕೊಂಡೇ ಎಷ್ಟು ದಿನ ಉಳಿದಿದೆಯೆಂದು ಕೇಳಿದೆ.

"ಮೂವತ್ತೇಳು. ಅವಳು ಹೇಳಿದ್ಲಾ?" ಅವನು ತಲೆಯೆತ್ತಲಿಲ್ಲ. "ಬೆಳಿಗ್ಗೆ ಆರರಿಂದ ಎರಡರ ತನಕ ಅರ್ಜಿ ಹಾಕ್ತೀನಿ ಭಾವ. ನೂರಾ ಹತ್ತು ಹಾಕಿದೀನಿ. ಉತ್ತರ ಬಂದಿದ್ದು ಒಂಬತ್ತು. ಎರಡರ ಮೇಲೆ ಏನು ಮಾಡಲಿ? ಇಲ್ಲಾದರೆ 66 ಅಂದರೆ 66ಕ್ಕೆ ನಿಲ್ಲತ್ತೆ."

ನಾನು ಹೇಳಬೇಕೆಂದಿದ್ದ ಮಾತುಗಳು ಒಳ್ಳೆಯವೇ. ದುಂದು ಬೇಡ, ಕೈಯಲ್ಲಿರುವ ಹಣ ಹಿಡಿದಿಡು ಎಂಬಂಥವು. ಸುರುಳಿಯ ತಾಮ್ರವನ್ನು ಹಿಂದಿನ ವರ್ಷವೇ ಕೊಂಡಿದ್ದನೆಂದು ತಿಳಿದ ಮೇಲೆ ಅವುಗಳಿಗೂ ಎಡೆಯಿರಲಿಲ್ಲ. ಕೊಳವೆಯನ್ನು ಇನ್ನೂ ಸ್ವಲ್ಪ ಬಲವಾಗಿ ಹಿಡಿದುಕೊಂಡೆ. ಒಳಗೆ ಹೋಗಿ, "ಅವನು ಕೆಲಸ ಹುಡುಕುತ್ತಲೇ ಇದ್ದಾನಮ್ಮ," ಎಂದಷ್ಟೇ ಹೇಳಿದೆ. ಅವಳಿಗೆ ಸಮಾಧಾನವಾಯಿತೆಂದು ನನಗೆ ತೋರಲಿಲ್ಲ.

ಸುರುಳಿಯ ಮೊದಲ ಪ್ರಯೋಗ ಒಂದು ಭಾನುವಾರ ನಡೆಯಿತು. ಮೊದಲ ಇಪ್ಪತ್ತು ನಿಮಿಷ ಎಲ್ಲ ಸೊಗಸಾಗಿತ್ತು. ಅಂಕಿ 66ರ ಮೇಲೆ ಕಚ್ಚಿಕೊಂಡಂತೆ ನಿಂತಿತ್ತು. ಆಮೇಲೆ ಮೇಲಿನಿಂದ ಸುರಿಯುವ ಧಾರೆ ಸಣ್ಣಗಾಯಿತು, ಪಂಪು ಒಣದನಿಯಲ್ಲಿ ಅರಚತೊಡಗಿತು. ಪಂಪಿನ ಎಳೆತಕ್ಕೆ ನುಚ್ಚು ತಳದ ತೂತಿನ ತಟ್ಟೆಯ ಮೇಲೆ ಗಾರೆಯಂತೆ ಕೂತುಬಿಟ್ಟಿತ್ತು. ಸುತ್ತಿಸಿ ಸುರಿಯುವ ಯಂತ್ರಗಳಿಗೆಲ್ಲ ಇದೊಂದು ಸಾಮಾನ್ಯ ರೋಗ. ಅವನು ಪಂಪು ನಿಲ್ಲಿಸಿ, ಹಂಡೆಯ ಅಂಚು ಹಿಡಿದುಕೊಂಡು ಸುಮ್ಮನೆ ನಿಂತ. ಒಂದು ನಿಮಿಷ, ಎರಡು ನಿಮಿಷ. ಬರಿಯ ಬಾರ್ಲಿಗಾಗಿ ಮನುಷ್ಯ ಹಾಗೆ ನಿಲ್ಲುವುದಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಒಳಗೆ ಹೋದರು. ಮೈಸೂರಿನಿಂದ ತಂದಿದ್ದ ಮುದ್ದೆಕೋಲನ್ನು ಹಿಡಿದುಕೊಂಡು ಬಂದರು. "ಗಂಟು ಕಟ್ಟಿದೆ, ಅಷ್ಟೆ. ಅಡಿಯಿಂದ ಎಬ್ಬಿಸು," ಎಂದರು. ಅವನು ತಳದಿಂದ ಎಬ್ಬಿಸಿ ತಿರುವಿದ. ಆಮೇಲೆ ಕಪಾಟಿನಿಂದ ಒಂದು ಚೀಲ ತೆಗೆದು ನಾಲ್ಕು ಹಿಡಿ ಬೆರೆಸಿದ. ನೋಡಿದರೆ ಭತ್ತದ ಹೊಟ್ಟು! ನುಚ್ಚಿನ ನಡುವೆ ನೀರಿಗೆ ದಾರಿ ಬಿಡಲು ಅದಕ್ಕಿಂತ ಒಳ್ಳೆಯ ವಸ್ತುವಿಲ್ಲವಂತೆ. ಮಂಡ್ಯದ ಗಿರಣಿಗಳ ಹಿಂದೆ ಗುಡ್ಡೆ ಬಿದ್ದು ಒಲೆಗೆ ಹೋಗುವ ಹೊಟ್ಟನ್ನು ಅಲ್ಲಿ ಅಂಗಡಿಯಲ್ಲಿ ತೂಕ ಮಾಡಿ, ಚೀಟಿ ಅಂಟಿಸಿ ಮಾರುತ್ತಾರೆ. ಹತ್ತು ನಿಮಿಷ ಹಾಗೇ ಬಿಟ್ಟು, ಪಂಪಿನ ಹೊರಬಾಯಿಯ ಕವಾಟವನ್ನು ಕಾಲು ಭಾಗ ಮಾತ್ರ ತೆರೆದ. ಧಾರೆ ಮತ್ತೆ ಬಂತು. ಮೊದಲು ಕಡೆದ ಮಜ್ಜಿಗೆಯಂತೆ, ಆಮೇಲೆ ಚಹಾದ ಡಿಕಾಕ್ಷನ್ನಿನಂತೆ, ಕಾಲು ಗಂಟೆಯ ಮೇಲೆ ಜೇನಿನಂತೆ ತಿಳಿಯಾಗಿ.

ಯೀಸ್ಟು ಬೆರೆಸುವ ತನಕ ಅದರಲ್ಲಿ ಮದ್ಯದ ಲವಲೇಶವೂ ಇರುವುದಿಲ್ಲ. ಒಂದು ಲೋಟದಲ್ಲಿ ಹಿಡಿದು ಅಮ್ಮನಿಗೆ ಕೊಟ್ಟ. ಅತ್ತೆ ಒಮ್ಮೆ ನನ್ನ ಮುಖ ನೋಡಿದರು; ಅಳಿಯನೂ ಮೇಷ್ಟರೂ ಆದ ನಾನು ತಲೆಯಾಡಿಸಿದೆ. ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಒಂದು ಗುಟುಕು ಕುಡಿದರು.

"ನಮ್ಮ ಮೊಳಕೆ ರಾಗಿ ಗಂಜಿ ಥರಾನೇ ಇದೆ. ಏಲಕ್ಕಿ ಇಲ್ಲ," ಎಂದರು. ಇನ್ನೊಂದು ಗುಟುಕು ಕುಡಿದು, ಲೋಟ ಕೆಳಗಿಡುತ್ತ, "ನಿನಗೆ ಕೆಲಸ ಹೋಗಿ ಎಷ್ಟು ದಿನ ಆಯ್ತೋ?" ಎಂದು ಕೇಳಿದರು.

ಅವನು ಹೇಳಿದ. ಆ ದಿನಕ್ಕೆ ಮೂವತ್ತೊಂಬತ್ತಾಗಿತ್ತು. ಅತ್ತೆ ಗಾಬರಿಯಾಗಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಮಡಿಸುವ ಕುರ್ಚಿಯನ್ನು ನಾನು ಬಿಟ್ಟುಕೊಟ್ಟೆ. ಅದರಲ್ಲಿ ಕುಳಿತು ಸಂಜೆಯವರೆಗೂ ಆ ಅಂಕಿಯನ್ನು ಮಗನೊಡನೆ ಕಾದರು.

ಐವತ್ತೊಂದನೆಯ ದಿನ ಅರಿಜೋನಾ ರಾಜ್ಯದ ಒಂದು ಊರಿನಿಂದ ಕೆಲಸದ ಕರೆ ಬಂತು. ಸಂಬಳ ಕಾಲು ಭಾಗ ಕಡಿಮೆ. ನಾವು ಹೊರಡುವ ವಾರ ಮನೆಯೆಲ್ಲ ರಟ್ಟಿನ ಪೆಟ್ಟಿಗೆಗಳಾಗಿತ್ತು. ಭಾನುವಾರದ ಬಿಯರು ಆ ವೇಳೆಗೆ ಸೀಸೆ ಸೇರಿತ್ತು. ಹದವಾಗುವ ಮೊದಲೇ ನೆರೆಹೊರೆಗೆ ಹಂಚಿಹೋಯಿತು. ಹಂಡೆಗಳನ್ನೂ ಚೌಕಟ್ಟನ್ನೂ ಪಕ್ಕದ ಬೀದಿಯ ಒಬ್ಬ ಕೊಂಡುಕೊಂಡ. ಸುರುಳಿಯನ್ನು ಮಾತ್ರ ಕೊಡಲಿಲ್ಲ. ಹೊಸ ಮನೆಗೆ ಗ್ಯಾರೇಜಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆಯೇ ನಿಲ್ಲುವ, ಒಂದೇ ಹಂಡೆಯಲ್ಲಿ ಪಂಪೂ ಕಾಯಿಲೂ ಅಡಗಿರುವ ಸಣ್ಣ ಯಂತ್ರ ಸಿಗುತ್ತದೆಂದು ಕಳೆದ ತಿಂಗಳು ಫೋನಿನಲ್ಲಿ ಹೇಳುತ್ತಿದ್ದ. ಅದಕ್ಕೂ ಭತ್ತದ ಹೊಟ್ಟು ಬೇಕಾಗುತ್ತದಂತೆ.