ಯುಗಾದಿಗೆ ಹೊರಡುವ ಹಕ್ಕಿಗಳು

ಯುಗಾದಿಗೆ ಇನ್ನೊಂದು ವಾರವಿದೆ ಅನ್ನುವಾಗ ನಮ್ಮ ಸೀಮೆಯ ಬಸ್ ನಿಲ್ದಾಣಗಳಿಗೆ ಜೀವ ಬರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ನಿಂತು ನೋಡಿದರೂ ಬಸ್ಸಿನಿಂದ ಗಂಟುಮೂಟೆ ಇಳಿಯುತ್ತಿರುತ್ತವೆ. ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋದವರು ಹಬ್ಬಕ್ಕೆ ಮರಳುವ ದಿನಗಳವು. ಬೀಗ ಬಿದ್ದ ಮನೆಗಳ ಕದ ತೆರೆಯುತ್ತದೆ, ಅಂಗಳಕ್ಕೆ ಸಗಣಿ ನೀರು ಬೀಳುತ್ತದೆ.

ಅದೇ ದಿನಗಳಲ್ಲಿ ಇನ್ನೊಂದು ಗುಳೆ ನಮ್ಮೂರಿಂದ ತನ್ನೂರಿಗೆ ಹೊರಡಲು ಅಣಿಯಾಗುತ್ತಿರುತ್ತದೆ. ಅದನ್ನು ನೋಡಬೇಕೆಂದರೆ ಸಂಜೆ ಐದೂವರೆಗೆಲ್ಲ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಬಳಿ ಇರಬೇಕು.

ಐನೂರು ವರ್ಷಕ್ಕೂ ಹಳೆಯ ಕೆರೆ ಅದು, 244 ಎಕರೆ. ಹೊಲಗದ್ದೆಗೆ ನೀರು ಹಾಯಿಸಲೆಂದು ಹಿರಿಯರು ಕಟ್ಟಿದ್ದು, ಕೆರೆಯೊಳಗೇ ಬೆಳೆದ ಕರಿಜಾಲಿ ಮರಗಳಿಂದಾಗಿ ಹಕ್ಕಿಗಳ ಊರೂ ಆಯಿತು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರ ಜನವರಿಯಲ್ಲಿ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಕ್ಯಾಮೆರಾ ಹಿಡಿದು ಬರುವವರೆಲ್ಲ ಬಣ್ಣದ ಕೊಕ್ಕರೆ, ಕೆಂಬರಲುಗಳನ್ನು ಹುಡುಕುತ್ತಾರೆ. ನಾನು ಕಾಯುವುದು ಗೇಣುದ್ದದ ಒಂದು ಹಕ್ಕಿಗೆ. ಗುಲಾಬಿ ಕಬ್ಬಕ್ಕಿ, ನಮ್ಮ ಗೊರವಂಕನ ಬಳಗದ್ದೇ.

ಹೊತ್ತು ಮುಳುಗುವಾಗ ಪಡುವಣದಲ್ಲಿ ಹಿಡಿ ಸಾಸಿವೆ ಎರಚಿದಂತೆ ಚುಕ್ಕಿಗಳು ಕಾಣುತ್ತವೆ. ಆಮೇಲೆ ನಾಲ್ಕೂ ದಿಕ್ಕಿನಿಂದ ಗುಂಪು ಗುಂಪಾಗಿ ಬಂದು, ಒಂದೇ ಮೈಯಾಗಿ ಕೆರೆಯ ಮೇಲೆ ತಿರುಗುತ್ತವೆ: ಒಮ್ಮೆ ಕಂಬಳಿ ಕೊಡವಿದಂತೆ, ಒಮ್ಮೆ ಮೊರದಲ್ಲಿ ಕಾಳು ಕೇರಿದಂತೆ. ಇದ್ದಕ್ಕಿದ್ದಂತೆ ಇಡೀ ಹಿಂಡು ಜಾಲಿಯೊಳಕ್ಕೆ ಸುರಿದುಬಿಡುತ್ತದೆ. ಮುಳ್ಳಿನ ಕೊಂಬೆಗಳಲ್ಲಿ ಸಂತೆಯ ಗದ್ದಲವೇಳುತ್ತದೆ. ಕತ್ತಲಾದ ಮೇಲೂ ಎಷ್ಟೋ ಹೊತ್ತು ಆ ಕಲಕಲ ನಿಲ್ಲುವುದಿಲ್ಲ.

ಮಾರ್ಚ್ ತಿಂಗಳಲ್ಲಿ ಇವನ್ನು ದುರ್ಬೀನಿನಲ್ಲಿ ಹತ್ತಿರದಿಂದ ನೋಡಬೇಕು. ಚಳಿಗಾಲದಲ್ಲಿ ಮಾಸಲಾಗಿದ್ದ ಹಕ್ಕಿ ಈಗ ಬೆನ್ನು, ಹೊಟ್ಟೆಯೆಲ್ಲ ಗುಲಾಬಿ. ತಲೆ, ರೆಕ್ಕೆ ಎಣ್ಣೆ ಹಚ್ಚಿದಂಥ ಕಪ್ಪು. ಹೊಸ ಪುಕ್ಕ ಬಂದಿದೆಯೆಂದೇ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಪುಕ್ಕ ಹಳೆಯದೇ. ತಿಂಗಳುಗಟ್ಟಲೆ ಹೊಲ, ಮುಳ್ಳು, ಗಾಳಿಗೆ ಉಜ್ಜಿ ಉಜ್ಜಿ ಪುಕ್ಕದ ತುದಿಯ ಮಣ್ಣುಬಣ್ಣ ಸವೆದುಹೋಗುತ್ತದೆ, ಒಳಗಿದ್ದ ಗುಲಾಬಿ ಹೊರಗೆ ಬರುತ್ತದೆ. ಅದು ಊರಿಗೆ ಉಟ್ಟು ಹೋಗುವ ಮದುವೆಯ ಬಟ್ಟೆಯನ್ನು ನಮ್ಮ ಸೀಮೆಯ ಜಾಲಿಮುಳ್ಳೂ ಜೋಳದ ದಂಟೂ ಸೇರಿ ಹೊಳಪಿಸಿ ಕೊಟ್ಟಿರುತ್ತವೆ.

ಜೋಳದ ಮಾತು ಬಂದರೆ ನಮ್ಮ ಪಕ್ಕದ ಹೊಲದ ದೊಡ್ಡಮ್ಮನ ನೆನಪಾಗುತ್ತದೆ. ತೆನೆ ಹಾಲುಗಾಳಾಗುವ ಹೊತ್ತಿಗೆ ಅಟ್ಟಣೆ ಏರಿ, ಕವಣೆ ಬೀಸಿ, ಗಂಟಲು ಬೀಳುವಂತೆ ಕೂಗುತ್ತಿದ್ದಳು. "ಬಂದ್ವು ನೋಡು ತಮ್ಮಾ, ಒಂದ್ ಗಳಿಗಿ ಕಣ್ ಮುಚ್ಚಿದ್ರ ಹೊಲನೇ ಬಳದು ಹೊಕ್ಕಾವ" ಎಂದು ಬೈಯುವಳು. ಅವಳ ಬೈಗುಳ ಸುಳ್ಳಲ್ಲ; ಹಿಂಡು ಇಳಿದ ಹೊಲದ ತೆನೆಗಳು ಬೋಳಾಗುವುದನ್ನು ನಾನೂ ಕಂಡಿದ್ದೇನೆ. ಆದರೆ ಅದೇ ಹಕ್ಕಿ ಉಳಿದ ತಿಂಗಳೆಲ್ಲ ಅದೇ ಹೊಲದ ಮಿಡತೆ, ಕೀಡೆಗಳನ್ನು ಆರಿಸುತ್ತದೆ. ಮಾಘ, ಫಾಲ್ಗುಣದಲ್ಲಿ ಬೂರುಗ, ಮುತ್ತುಗದ ಹೂವಿಗೆ ಮುಖವಿಟ್ಟು ಮಕರಂದ ಹೀರಿ, ಹಣೆ ತುಂಬ ಪರಾಗ ಹಚ್ಚಿಕೊಂಡು ಮರದಿಂದ ಮರಕ್ಕೆ ಹಾರುತ್ತದೆ.

ಅದರ ಹುಟ್ಟೂರು ಕಜಕಸ್ತಾನ ಮತ್ತದರ ಸುತ್ತಲ ಹುಲ್ಲುಗಾವಲು. ಭೂಪಟದಲ್ಲಿ ನಮ್ಮೂರಿಂದ ನೆಟ್ಟಗೆ ಉತ್ತರಕ್ಕೆ ಗೆರೆ ಎಳೆದರೆ ಸುಮಾರು 3,000 ಕಿಲೋಮೀಟರ್ ಆಚೆ ಅಲ್ಮಾಟಿ ನಗರದ ಹತ್ತಿರ ಹೋಗಿ ನಿಲ್ಲುತ್ತದೆ. ಹಕ್ಕಿ ಆ ಗೆರೆ ಹಿಡಿಯುವುದಿಲ್ಲ. ನಡುವೆ ಹಿಮಾಲಯವಿದೆ, ಟಿಬೆಟ್ಟಿನ ಎತ್ತರವಿದೆ. ಅದಕ್ಕೇ ವಾಯವ್ಯಕ್ಕೆ ವಾಲಿ, ಪಾಕಿಸ್ತಾನ, ಅಫ್ಘಾನಿಸ್ತಾನಗಳ ಮೇಲಿಂದ ಸುತ್ತು ಹಾಕಿ ಹೋಗುತ್ತದೆ. ಅಲ್ಲಿ ಕಲ್ಲುಗುಡ್ಡೆಗಳ ಸಂದಿಯಲ್ಲಿ ಗೂಡು. ನಮ್ಮ ಸೀಮೆಯ ಗುಡೇಕೋಟೆಯ ಸುತ್ತ ಕಲ್ಲುಗುಡ್ಡಗಳಿಗೇನು ಕೊರತೆ? ಆದರೂ ಒಂದು ಗೂಡನ್ನೂ ಇಲ್ಲಿ ಕಟ್ಟುವುದಿಲ್ಲ. ಮರಿಗಳಿಗೆ ಬೇಕಾದ ಮಿಡತೆಯ ಸುಗ್ಗಿ ಮೇ, ಜೂನ್‌ನಲ್ಲಿ ಆ ಹುಲ್ಲುಗಾವಲಿನಲ್ಲಿ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಹಾವಳಿ ತಡೆಯಲೆಂದೇ ಈ ಹಕ್ಕಿಗೆ ಕಲ್ಲಿನ ಗೂಡುಗಳನ್ನು ಕಟ್ಟಿಕೊಡುತ್ತಾರೆ. ದೊಡ್ಡಮ್ಮ ಕವಣೆ ಬೀಸಿ ಓಡಿಸಿದ್ದನ್ನು ಅಲ್ಲಿನ ಜನ ಮನೆ ಕಟ್ಟಿಸಿ ಕರೆಯುತ್ತಾರೆ!

ಇನ್ನೊಂದು ಅತಿಥಿ ನಮ್ಮ ಹಿತ್ತಲ ಬೇಲಿಯಲ್ಲೇ ಇರುತ್ತದೆ. ಪಕ್ಷಿ ಪುಸ್ತಕಗಳು ಅದನ್ನು ಬ್ಲೈತ್‌ನ ಜೊಂಡು ಉಲಿಯಕ್ಕಿ ಎನ್ನುತ್ತವೆ. ತೂಕ ಹನ್ನೆರಡು ಗ್ರಾಂ ಆಜುಬಾಜು. ಒಣಗಿದ ಎಲೆಯ ಬಣ್ಣ. ಕಣ್ಣಿಗೆ ಬೀಳುವುದೇ ಕಡಿಮೆ. ಚಳಿಗಾಲವೆಲ್ಲ ಬೇಲಿಯೊಳಗಿಂದ "ಚಕ್, ಚಕ್" ಎಂಬ ಒಂದೇ ಮಾತು. ಏಪ್ರಿಲ್‌ನ ಒಂದು ಬೆಳಿಗ್ಗೆ ಮಾತ್ರ, ನೀರು ಸೇದುತ್ತಿದ್ದವನು ಹಗ್ಗ ಹಿಡಿದು ಹಾಗೇ ನಿಂತೆ. ಬೇಲಿಯೊಳಗೆ ಯಾರೋ ಬಾಯೊಳಗೇ ಹಾಡಿಕೊಳ್ಳುತ್ತಿದ್ದರು. ಒಂದು ಸೊಲ್ಲು, ತಡೆ, ಮತ್ತೆ ಅದೇ ಸೊಲ್ಲು, ಈ ಸಲ ತುಸು ಉದ್ದ. ಫಿನ್ಲೆಂಡಿನಿಂದ ಸೈಬೀರಿಯಾದವರೆಗಿನ ಯಾವುದೋ ಪೊದೆಯಲ್ಲಿ, ಬೇಸಗೆಯ ರಾತ್ರಿಗಳಲ್ಲಿ ಸಂಗಾತಿಗಾಗಿ ಕಂಠ ಬಿಚ್ಚಿ ಹಾಡಬೇಕಾದ ಹಾಡನ್ನು ನಮ್ಮ ಕಳ್ಳಿಬೇಲಿಯಲ್ಲಿ ತಾಲೀಮು ಮಾಡುತ್ತಿತ್ತು. ನಾಲ್ಕೈದು ದಿನ ಕೇಳಿದೆ. ಆಮೇಲೆ ಬೇಲಿ ಸುಮ್ಮನಾಯಿತು.

ಯುಗಾದಿಗೆ ಬಂತೆಂದು ನಾವು ಕೊಂಡಾಡುವ ಕೋಗಿಲೆ ಎಲ್ಲಿಗೂ ಹೋಗಿರುವುದಿಲ್ಲ. ಬಾಯಿ ಕಟ್ಟಿಕೊಂಡು ಇಲ್ಲೇ ಇದ್ದು ಈಗ ಕೂಗುತ್ತದೆ ಅಷ್ಟೆ. ವಸಂತದಲ್ಲಿ ನಿಜಕ್ಕೂ ದಾರಿ ಹಿಡಿಯುವ ಹಾಡುಹಕ್ಕಿಗಳಿಗೆ ನಮ್ಮ ಚೈತ್ರ ಹೊರಡುವ ತಿಂಗಳು.

ಮನುಷ್ಯರ ಗುಳೆಯ ಸಂಕಟವನ್ನು ಹಕ್ಕಿಯ ಹಾರಾಟಕ್ಕೆ ಹೋಲಿಸಿ ನಾನು ಹಗುರ ಮಾಡಲಾರೆ. ಆದರೆ ಗುಳೆ ಹೋಗಿ ಬಂದವರು ಕಟ್ಟೆಯ ಮೇಲೆ ಕುಳಿತು ಮೊದಲು ಆಡುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೂಲಿಯ ಲೆಕ್ಕ ಆಮೇಲೆ. ಮೊದಲು, ಅಲ್ಲಿ ನೀರಿತ್ತೇ, ಗುಡಿಸಲು ಹಾಕಲು ನೆರಳಿತ್ತೇ, ರಾತ್ರಿ ಮಕ್ಕಳು ಭಯವಿಲ್ಲದೆ ಮಲಗಿದವೇ ಎಂಬುದು. ಈ ಹಕ್ಕಿಗಳಿಗೆ ನಮ್ಮದೇ ಆ ಗುಳೆಯ ಊರು. ಜಗತ್ತಿನ ಗುಲಾಬಿ ಕಬ್ಬಕ್ಕಿಗಳಲ್ಲಿ ಬಹುಪಾಲು ವರ್ಷದ ಹೆಚ್ಚಿನ ತಿಂಗಳು ಉಣ್ಣುವುದು ಈ ಉಪಖಂಡದ ಅನ್ನವನ್ನೇ. ಅವು ಕೇಳುವುದೂ ಇಷ್ಟೇ: ಕೆರೆಯಲ್ಲಿ ನೀರು, ರಾತ್ರಿಗೆ ಜಾಲಿಯ ಮುಳ್ಳು, ಹಗಲಿಗೊಂದು ಹಸಿರು ಬೇಲಿ. ಜೋಳದ ಹೊಲಗಳು ಮೆಕ್ಕೆಜೋಳದ ಹೊಲಗಳಾಗುತ್ತಿವೆ, ಕಳ್ಳಿಬೇಲಿಯ ಜಾಗಕ್ಕೆ ತಂತಿ ಬರುತ್ತಿದೆ. ತಂತಿಯಲ್ಲಿ ಉಲಿಯಕ್ಕಿ ಹಾಡು ಕಲಿಯಲಾರದು. ನನ್ನ ಹಿತ್ತಲ ಕಳ್ಳಿಯನ್ನು ನಾನಂತೂ ಕಡಿಸುವುದಿಲ್ಲ.

ಹೋದ ಯುಗಾದಿಯ ಮಾರನೆಯ ವಾರ ಕೆರೆಗೆ ಹೋಗಿ ಬಂದು, ಜಾಲಿ ಖಾಲಿಯಾಗಿದೆ ಎಂದು ದೊಡ್ಡಮ್ಮನಿಗೆ ಹೇಳಿದೆ. ಅವಳು ಮಂಡ್ಯದಿಂದ ಬಂದ ಮಗನಿಗೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಅಂದಳು: "ಹೋಗ್ಲಿ ಬಿಡಪ್ಪಾ, ಅವಕ್ಕೂ ಮನಿ ಮಕ್ಕಳು ಇರಲ್ವೇನು? ಶ್ರಾವಣಕ್ಕ ಬರ್ತಾವ." ಅವಳ ಕವಣೆ ಗೂಟಕ್ಕೆ ತೂಗುಬಿದ್ದಿತ್ತು.